ಸ್ವಇಚ್ಛೆಯಿಂದ ಹಾಜರುಪಡಿಸಿದ ಫೋನು

ಪಿರಿಯಾಪಟ್ಟಣ
೧೯ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಉಷಕ್ಕನಿಗೆ ಶಂಕರನ ನಮಸ್ಕಾರ.

ಕೈ ಹೇಗಿದೆ? ಬೆರಳು ಪೂರ್ತಿ ಮಡಚಲು ಬರುತ್ತಿದೆಯೇ, ಇಲ್ಲ ಬೆಳಿಗ್ಗೆ ಹೊತ್ತು ಇನ್ನೂ ಮರಗಟ್ಟಿದಂತಿರುತ್ತದೆಯೇ? ಬಿಸಿನೀರಿನಲ್ಲಿ ಅದ್ದುವುದನ್ನು ಬಿಡಬೇಡ. ಅವ್ವ ಇದ್ದಾಳೆ. ಸಕ್ಕರೆ ಏರಿದೆ, ಮಿಷನ್ನೇ ಸರಿಯಿಲ್ಲ ಅನ್ನುತ್ತಾಳೆ. ನನ್ನ ಫೋನು ಎರಡು ದಿನದಿಂದ ಸ್ವಿಚ್ ಆಫ್ ಎಂದು ನೀನು ಹೆದರಿರಬೇಕು. ಬೇರೆಯವರ ಫೋನಿನಿಂದ ಮಾಡಬಹುದಿತ್ತು. ನಿನ್ನ ನಂಬರು ಇನ್ನೊಂದು ಕಡೆ ಉಳಿಯುವುದು ಬೇಡ ಅನ್ನಿಸಿತು. ಅದಕ್ಕೇ ಕಾಗದ.

ಸೋಮವಾರ ಹನ್ನೊಂದಕ್ಕೆ ನನ್ನ ಟೈಪಿಂಗ್ ಅಂಗಡಿಗೆ ಪೊಲೀಸರು ಬಂದರು. ಯಾವ ಸ್ಟೇಷನ್ನು ಎನ್ನುವುದು ಬೇಡ. ಕೈಯಲ್ಲಿ ಕೋರ್ಟಿನ ವಾರಂಟ್ ಇತ್ತು. ಸಿದ್ದರಾಜು ಭಾವನ ಮೇಲಿನ ಕೇಸು. ಸತ್ತುಹೋದ ತನ್ನ ದೊಡ್ಡಪ್ಪನೇ ಒಪ್ಪಿಕೊಟ್ಟ ಹಾಗೆ ಪತ್ರ ಮಾಡಿಸಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಕೊಂಡನಲ್ಲ, ಅದು. ಆ ಪತ್ರ ಟೈಪ್ ಆಗಿದ್ದು ನನ್ನ ಅಂಗಡಿಯಲ್ಲೇ, ನೀನು ಇನ್ನೂ ಅವನ ಮನೆಯಲ್ಲಿದ್ದಾಗ. ಅವನ ದೊಡ್ಡಪ್ಪ ಸತ್ತಿರುವುದು ಅವತ್ತು ನನಗೆ ಗೊತ್ತಿರಲಿಲ್ಲ. ವಾರಂಟನ್ನು ಎರಡು ಸಲ ಓದಿದೆ. ಒಂದು ಸಿಪಿಯು, ಅದರಲ್ಲಿ ಆ ಪತ್ರಕ್ಕೆ ಸಂಬಂಧಪಟ್ಟ ದಾಖಲೆ. ಅಷ್ಟೇ. ಅಂಥದ್ದನ್ನು ಓದಿ ಅರ್ಥ ಮಾಡಿಕೊಳ್ಳಲಾರದವನಲ್ಲ ನಾನು. ಆದರೂ ಎಸ್.ಐ. ಮೇಜಿನ ಮೇಲಿದ್ದ ಫೋನು ನೋಡಿ, ಅದೂ ಇರಲಿ ಕೊಡಿ ಎಂದಾಗ ಎತ್ತಿ ಕೊಟ್ಟೆ. ಮನೆಗೆ ಬಂದವರು ನೀರು ಕೇಳಿದರೆ ಕೊಡುವ ಹಾಗೆ.

ಮುಂದಿನದನ್ನು ಹೇಳಲು ನಾಚಿಕೆ. ಮಹಜರು ಬರೆಯಬೇಕಿತ್ತು. ಹದಿನೆಂಟು ವರ್ಷದಿಂದ ಪೊಲೀಸರಿಗೂ ವಕೀಲರಿಗೂ ಮಹಜರು ಟೈಪ್ ಮಾಡಿಕೊಟ್ಟಿದ್ದೇನೆ. "ಹೆಂಗೂ ಕುಂತಿದ್ದೀರಲ್ಲ ಶಂಕ್ರಪ್ಪ, ನೀವೇ ಟೈಪ್ ಒಡೆದ್ಬುಡಿ" ಎಂದರು ಎಸ್.ಐ. ಪಕ್ಕದ ಟೈಲರ್ ನಕ್ಕ, ನಾನೂ ನಕ್ಕೆ. ಜಪ್ತಿಯಾಗಬೇಕಾದ ಕಂಪ್ಯೂಟರಿನಲ್ಲೇ ಅದರ ಜಪ್ತಿಯ ಮಹಜರು ಟೈಪ್ ಮಾಡಿದೆ. ಫೋನಿನ ಸಾಲು ಬಂದಾಗ ಯಾರೂ ಏನೂ ಹೇಳಿಕೊಡಲಿಲ್ಲ. ಬೆರಳುಗಳೇ ಹೊಡೆದವು: ಅಂಗಡಿ ಮಾಲೀಕರು ಸ್ವಇಚ್ಛೆಯಿಂದ ಹಾಜರುಪಡಿಸಿದ ಮೊಬೈಲ್ ಫೋನ್ ಒಂದು. ಎಷ್ಟೋ ಜನರ ಕತ್ತಿ, ಬೈಕು, ಸೀರೆಗಳ ಮುಂದೆ ಹೊಡೆದ ಮಾತು ಅದು. ಪ್ರಿಂಟ್ ತೆಗೆದು ಸಹಿ ಹಾಕಿದ ಮೇಲೆ ವೈರು ಕಿತ್ತರು.

ವಕೀಲ ಷಣ್ಮುಖಪ್ಪನವರ ಹತ್ತಿರ ಹೋದೆ. ವಾರಂಟಿನಲ್ಲಿ ಇಲ್ಲದ್ದನ್ನು ತೆಗೆದುಕೊಂಡರೆ ಕೇಳಲು ದಾರಿಯಿದೆ ಎಂದು ಉತ್ಸಾಹದಿಂದಲೇ ಶುರು ಮಾಡಿದರು. ಜಪ್ತಿಗೆ ಈಗ ವಿಡಿಯೊ ಮಾಡಲೇಬೇಕಂತೆ. ಆದರೆ ಪೇದೆ ವಿಡಿಯೊ ಶುರು ಮಾಡಿದ್ದು ಫೋನು ಅವರ ಕೈಗೆ ಹೋದಮೇಲೆ. ಅದರಲ್ಲಿ ಕಾಣುವುದು ನಾನು ಟೈಪ್ ಮಾಡುತ್ತಾ ಕೂತಿರುವುದು. ವಕೀಲರು ಮಹಜರಿನ ಆ ಸಾಲಿಗೆ ಬಂದು ಕನ್ನಡಕ ತೆಗೆದರು. "ಕಿತ್ಕೊಂಡ್ರು ಅಂತ ನಾನು ಹೇಳೋಕ್ಕೆ ಮೊದ್ಲೇ, ಕೊಟ್ಟೆ ಅಂತ ನೀನೇ ಬರ್ಕೊಟ್ಟಿದ್ದೀಯಲ್ಲಪ್ಪ."

ಆ ಫೋನಿನಲ್ಲಿ ನೀನು ಕಳಿಸಿದ ಬಾಡಿಗೆ ಕರಾರಿನ ಫೋಟೊ ಇದೆ, ಬೀದಿ, ಮನೆ ನಂಬರ್ ಸಮೇತ. ಫೋನು ಕೇಸಿನ ದಾಖಲೆಯಾದರೆ ಅದರ ನಕಲು ಕೊಡಿ ಎಂದು ಆರೋಪಿ ಕೇಳಬಹುದಂತೆ. ಆರೋಪಿ ಅಂದರೆ ಭಾವ. ಹೋದ ತಿಂಗಳು ಅಂಗಡಿಗೆ ಬಂದು, "ಎಲ್ಲವ್ಳೆ ಅಂತ ಏಳ್ಬುಡ್ಲಾ ಶಂಕ್ರ, ನಾನೇನ್ ತಿಂದಾಕ್ಬುಡ್ತೀನಾ" ಎಂದು ಮೆತ್ತಗೇ ಕೇಳಿದ. ನಿನ್ನ ಕೈ ಮುರಿದ ಮಾರನೆಯ ದಿನವೂ ಆಸ್ಪತ್ರೆಯ ವರಾಂಡದಲ್ಲಿ ಅವನ ದನಿ ಅಷ್ಟೇ ಮೆತ್ತಗಿತ್ತು.

ಫೋನು ವಾಪಸ್ ಬೇಕಾದರೆ ಆ ಸಾಲು ಸುಳ್ಳು ಎಂದು ನಾನು ಕೋರ್ಟಿನಲ್ಲಿ ಹೇಳಬೇಕು. ಒಂದು ಸಾಲು ಸುಳ್ಳಾದರೆ ಮಹಜರೇ ಸುಳ್ಳು ಎಂದು ಭಾವನ ವಕೀಲರು ಹಿಡಿದುಕೊಳ್ಳುತ್ತಾರೆ. ಆಗ ಸಿಪಿಯು ಸಾಕ್ಷಿಯೂ ಸಡಿಲವಾಗಿ ಅವನು ತಪ್ಪಿಸಿಕೊಳ್ಳಬಹುದು. ಅವನು ಒಳಗೆ ಹೋದರೆ ಊರಿಗೆ ಬರುತ್ತೇನೆ ಅಂದಿದ್ದೆ ನೀನು. ಅವ್ವನಿಗೆ ಎಲ್ಲ ಹೇಳಿದೆ. ಅಕ್ಕಿ ಆರಿಸುತ್ತಲೇ, "ಅವ್ಳು ಉಸ್ರಾಡ್ಕೊಂಡಿರ್ಲಿ, ಮಿಕ್ಕಿದ್ದು ಬುಡು" ಅಂದಳು. ನಿನ್ನನ್ನು ಕೇಳದೆ ಇವತ್ತು ಅರ್ಜಿಗೂ ಅಫಿಡವಿಟ್ಟಿಗೂ ಸಹಿ ಹಾಕಿದ್ದೇನೆ. ಬೈಯುವುದಿದ್ದರೆ ಬೈಯಿ. ಬೇರೆಯವರ ಅಂಗಡಿಯಲ್ಲಿ ಟೈಪ್ ಮಾಡಿಸಿದೆ, ಒಂದೊಂದು ಪದವನ್ನೂ ನಾನೇ ಹೇಳಿ.

ಅವ್ವನ ಆಶೀರ್ವಾದ. ಊಟದ ಹೊತ್ತು ತಪ್ಪಿಸಬೇಡ.

ನಿನ್ನ ತಮ್ಮ,
ಶಿವಶಂಕರ

ಮರೆತ ಮಾತು: ಪೋಸ್ಟಾಫೀಸು ಮುಚ್ಚುವ ಹೊತ್ತು, ಬೇಗ ಬರೆಯುತ್ತೇನೆ. ಅರ್ಜಿಯ ವಿಚಾರಣೆ ಬರುವ ಸೋಮವಾರ. ಕೋರ್ಟು ಏನು ಹೇಳುತ್ತದೋ ಕಾಯಬೇಡ. ಭಾನುವಾರದೊಳಗೆ ಆ ಮನೆ ಬಿಡು. ಫೋನು ಕೊಡುವಾಗ ಅದರ ಲಾಕಿನ ನಂಬರನ್ನೂ ನಾನೇ ಬರೆದುಕೊಟ್ಟಿದ್ದೇನೆ. ಹೊಸ ಮನೆ ಎಲ್ಲಿ ಎಂದು ನನಗೆ ಹೇಳಬೇಡ ಅಕ್ಕ. ನಾನು ಕೇಳಿದರೂ ಹೇಳಬೇಡ.