ಬಿಸಿಲುಕೋಲಿನ ಧೂಳು

ಮಂಗಳವಾರ, ಫೆಬ್ರವರಿ ೧೮

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯೋಕೆ ಹೋದೆ, ಆ ಪದದ ಹತ್ತಿರ ಬಂದು ಪೆನ್ನು ನಿಂತುಬಿಟ್ಟಿತು. ಊಟ, ಓಡಾಟ ಎಲ್ಲ ನಡೀತಿದೆ. ಅಷ್ಟರ ಮಟ್ಟಿಗೆ ಕ್ಷೇಮ ಅಂತಲೇ ಇಟ್ಟುಕೋ. ಭಾವನ ಮಂಡಿನೋವು ಹೇಗಿದೆ? ಮೊಮ್ಮಗಳು ಅಂಬೆಗಾಲು ಬಿಟ್ಟು ಗೋಡೆ ಹಿಡಿದು ನಿಲ್ತಾಳೆ ಅಂತ ತಿಳಿದು ಖುಷಿಯಾಯಿತು.

ತಡವಾಗಿ ಬರೀತಿದೀನಿ ಅಂತ ಬೈಯಬೇಡ. ಬೈಯೋದಿದ್ದರೂ ಪೂರ್ತಿ ಓದಿ ಆಮೇಲೆ ಬೈ. ಇದು ಮೆಸೇಜಿನಲ್ಲಿ ಹಾಕೋ ವಿಷಯ ಅಲ್ಲ. ಬರೆಯೋಕೆ ಕೂತಾಗೆಲ್ಲ ಎಲ್ಲಿಲ್ಲದ ಮನೆಗೆಲಸ ನೆನಪಾಗ್ತಿತ್ತು. ನಿನ್ನೆಯಂತೂ ಫ್ರಿಜ್ ಜರುಗಿಸಿ ಅದರ ಹಿಂದೆ ಒರೆಸಿದೆ. ನಮ್ಮನೆಯವರು ನೋಡಿ, ಒಂದು ಕಾಗದ ಬರೆಯೋದಕ್ಕೆ ಹೆದರಿ ಇಡೀ ಮನೆ ಫಳಫಳ ಅನ್ನಿಸಿದೆಯಲ್ಲ ಅಂದರು.

ಮೊದಲು ಒಳ್ಳೇ ಸುದ್ದಿ. ಬಸ್ ನಿಲ್ದಾಣದಲ್ಲಿ ಜನ ಕಾಯೋ ಜಾಗದ ಉದ್ದನೆಯ ಗೋಡೆಯನ್ನ ಅಲಂಕರಿಸೋ ಕೆಲಸ ನಮ್ಮ ಕುಂಬಾರಿಕೆ ಗುಂಪಿಗೆ ಸಿಕ್ಕಿತು. ಅದರ ಮೇಲೆ ಮಣ್ಣಿನಲ್ಲಿ ಏನು ಮಾಡೋದು ಅಂತ ತಲೆ ಕೆರೆದುಕೊಳ್ತಿದ್ದಾಗ ಟೈಲರಮ್ಮ ಹೇಳಿದಳು, ಗೋಡೆಗೂ ಕಿವಿ ಇರುತ್ತೆ ಅಂತಾರಲ್ಲ, ಇಟ್ಟೇಬಿಡೋಣ ಅಂತ. ಇವಳು ನೀನು ಊರು ಬಿಟ್ಟ ಮೇಲೆ ಸೇರಿದವಳು. ಮಧ್ಯಾಹ್ನದವರೆಗೆ ರವಿಕೆ ಹೊಲಿದು ಆಮೇಲೆ ಮಣ್ಣಿಗೆ ಬರ್ತಾಳೆ. ಮೊದಲು ನಕ್ಕೆವು, ಆಮೇಲೆ ಅದನ್ನೇ ಮಾಡಿದೆವು. ಹಸಿಮಣ್ಣಿನ ಬಿಲ್ಲೆಗಳನ್ನ ಹಲಗೆಯ ಮೇಲೆ ಜೋಡಿಸಿಕೊಂಡು ಮಾರ್ಕೆಟ್ಟಿಗೆ ಹೋಗಿ, ಕಂಡವರನ್ನೆಲ್ಲ ಸ್ವಲ್ಪ ಕಿವಿ ಕೊಡಿ ಅಂತ ಕೇಳಿದೆವು. ತರಕಾರಿಯವಳು ಓಲೆ ಬಿಚ್ಚದೆ ಒತ್ತಿದಳು, ಓಲೆಯ ಸಮೇತ ಅಚ್ಚು ಬಿತ್ತು. ದಿನವೂ ಊರವರ ಕಿವಿ ಪಕ್ಕ ಕತ್ತರಿ ಆಡಿಸೋ ಕಟಿಂಗ್ ಅಂಗಡಿಯವನು ತನ್ನ ಕಿವಿಗೆ ತಣ್ಣನೆ ಮಣ್ಣು ತಾಗಿದ್ದಕ್ಕೆ ಚೀರಿಬಿಟ್ಟ. ಒಬ್ಬ ಅಜ್ಜ, ಕೇಳೋ ಕಿವಿ ಕೊಡಲೋ ಕಿವುಡು ಕಿವಿ ಕೊಡಲೋ ಅಂತ ಯೋಚಿಸಿ, ಕೇಳೋದು ನನಗೇ ಇರಲಿ ಅಂತ ಕಿವುಡಾದದ್ದನ್ನ ಒತ್ತಿದ. ನೀನಿರಬೇಕಿತ್ತು ಅಕ್ಕಾ.

ಅಚ್ಚುಗಳು ಒಣಗಿದ ಮೇಲೆ ಅಂಚು ನಯ ಮಾಡೋಕೆ ಶೆಡ್ಡಿನಲ್ಲಿ ಸುತ್ತ ಕೂತು ಸ್ಯಾಂಡ್ ಪೇಪರಿನಲ್ಲಿ ಉಜ್ಜಿದ್ದೇ ಉಜ್ಜಿದ್ದು, ಹರಟಿದ್ದೇ ಹರಟಿದ್ದು. ಎದ್ದಾಗ ಎಲ್ಲರ ಹುಬ್ಬು, ಕಣ್ರೆಪ್ಪೆ ಬೆಳ್ಳಗೆ. ಒಬ್ಬರನ್ನೊಬ್ಬರು ನೋಡಿಕೊಂಡು, ನೋಡು, ಕೂತಲ್ಲೇ ಮುದುಕರಾದೆವು ಅಂತ ನಗ್ತಿದ್ವಿ.

ಡ್ರೈವರಣ್ಣನ ಸಮಾಚಾರ ಈಗ ಹೇಳಬೇಕು. ನೀನು ಶೆಡ್ಡು ಶುರುಮಾಡಿದ ವರ್ಷವೇ ಬಂದವರು ಅವರು, ಬಸ್ಸಿನ ಸ್ಟಿಯರಿಂಗ್ ಬಿಟ್ಟ ಕೈಯಲ್ಲಿ ಕುಂಬಾರರ ತಿಗರಿ ಹಿಡಿದವರು. ಕೆಲವು ತಿಂಗಳಿಂದ ಕೆಮ್ಮುತ್ತಿದ್ದರು. ಜೇಬಿನಲ್ಲಿ ಸದಾ ಶುಂಠಿ ಪೆಪ್ಪರ್ಮಿಂಟು. ನಾವೂ ಏನಣ್ಣ, ನಿಮ್ಮ ಹಾರ್ನ್ ಕೆಟ್ಟಿದೆ ಅಂತ ಛೇಡಿಸ್ತಿದ್ವಿ. ಒಂದು ದಿನ ಕಿವಿಗಳ ತಟ್ಟೆ ಹೊತ್ತು ಭಟ್ಟಿಯ ಕಡೆ ಹೊರಟವರು ನಡುವೆ ನಿಂತರು. ತಟ್ಟೆಯನ್ನ ಜೋಪಾನವಾಗಿ ನೆಲಕ್ಕಿಟ್ಟು ಮಣ್ಣಿನ ಚೀಲದ ಮೇಲೆ ಕೂತರು. ಮಾತು ಹೊರಡಲಿಲ್ಲ. ಬಾಯಿ ತೆರೀತಿತ್ತು, ಮುಚ್ಚುತ್ತಿತ್ತು, ಅಷ್ಟೇ. ಬಾವಿಯಿಂದ ನೀರು ಸೇದಿದ ಹಾಗೆ ಗಾಳಿ ಸೇದುತ್ತಿದ್ದರು. ಕೊಡ ಮೇಲೆ ಬರುವಷ್ಟರಲ್ಲಿ ಖಾಲಿ.

ಅವರ ಮಗಳು ಆಸ್ಪತ್ರೆಗೆ ಕರ್ಕೊಂಡು ಹೋದಳು. ಎದೆಯ ಫೋಟೋ ನೋಡಿದ ಡಾಕ್ಟ್ರಮ್ಮ ಕೇಳಿದ ಮೊದಲ ಮಾತು, ಕಲ್ಲು ಒಡೆಯೋ ಕಡೆ ಎಷ್ಟು ವರ್ಷ ಕೆಲಸ ಮಾಡಿದ್ರಿ ಅಂತ. ಇವರು, ಇಲ್ಲಮ್ಮ, ನಾನು ಹೂಜಿ ಮಾಡ್ತೀನಿ ಅಂದರಂತೆ.

ನಮಗೆ ಹೇಳೋಕೆ ಅವರೇ ಶೆಡ್ಡಿಗೆ ಬಂದರು. ಒಳಗೆ ಬನ್ನಿ ಅಂದರೆ ಬರಲಿಲ್ಲ. ಹೊಸ್ತಿಲಾಚೆ ನಿಂತು, "ಇದು ಮಣ್ಣಿನ ಧೂಳಮ್ಮಾ. ಒಳಗೆ ಕೂತುಬಿಟ್ಟಿದೆ, ಇನ್ನು ಏಳೋದಿಲ್ಲವಂತೆ. ನೀವೂ ಹೋಗಿ ತೋರಿಸಿಕೊಳ್ಳಿ" ಅಂದರು. ಹೇಳಿದ್ದು ಅಷ್ಟೇ. ಅವರು ನಮ್ಮ ಹೊಸ್ತಿಲಿಗೆ ಹೆದರಿದ್ದು ನೋಡಿ ನಾನು ಕೈಯಲ್ಲಿದ್ದ ಸ್ಯಾಂಡ್ ಪೇಪರ್ ಕೆಳಗಿಟ್ಟೆ.

ಆವತ್ತಿನಿಂದ ಶೆಡ್ಡು ಶೆಡ್ಡಾಗಿ ಉಳಿದಿಲ್ಲ. ಯಾರಾದರೂ ಕೆಮ್ಮಿದರೆ ತಿಗರಿಗಳು ನಿಲ್ಲುತ್ತವೆ. ಕೆಮ್ಮಿದವರು ತಕ್ಷಣ, ನೀರು ನೆತ್ತಿಗೇರಿತು ಅಂತ ಸಮಜಾಯಿಷಿ ಕೊಡ್ತಾರೆ. ನಾನು ಮನೆ ಮೆಟ್ಟಿಲು ಹತ್ತುವಾಗ ನನ್ನ ಉಸಿರನ್ನೇ ಕಳ್ಳನ ಹಾಗೆ ಕದ್ದು ಕೇಳ್ತೀನಿ. ಮಗ ಬಂದು ಹೆಗಲಿಗೆ ಆತುಕೊಂಡರೆ, ತಡಿ ತಡಿ, ಸ್ನಾನ ಆಗಿಲ್ಲ ಅಂತ ತಳ್ಳಿಬಿಡ್ತೀನಿ. ಪಾಪ, ಹತ್ತನೇ ಕ್ಲಾಸಿನ ಹುಡುಗ ಅಮ್ಮನ ಹತ್ತಿರ ತಾನಾಗಿ ಬರೋದೇ ಅಪರೂಪ.

ಜಗಳವೂ ಆಯಿತು. ನಿಮ್ಮನ್ನೆಲ್ಲ ಅಕ್ಕತಂಗಿಯರು ಅಂತ ನಂಬಿ ಬಂದೆ, ಇದು ವಿಷ ಅಂತ ಒಬ್ಬರಾದರೂ ಬಾಯಿಬಿಟ್ಟಿರಾ ಅಂತ ಟೈಲರಮ್ಮ ಕೇಳಿದಳು. ನಮಗೇ ಗೊತ್ತಿರಲಿಲ್ಲ ಅಂದೆ. ಗೊತ್ತಿಲ್ಲದವರು ಇಷ್ಟು ಜನರನ್ನ ಯಾಕೆ ಸೇರಿಸಿದಿರಿ ಅಂದಳು. ಡ್ರಾಯಿಂಗ್ ಟೀಚರ್ ನಡುವೆ ಬಂದು ಸಮಾಧಾನ ಮಾಡಬೇಕಾಯಿತು. ನಿನಗೆ ಅವರ ಗುಣ ಗೊತ್ತಲ್ಲ, ಭಟ್ಟಿಯಲ್ಲಿ ಪಾತ್ರೆ ಒಡೆದರೂ ಚೂರುಗಳನ್ನ ಸಮಾಧಾನ ಮಾಡೋರು.

ಕೊನೆಗೆ ಡಾಕ್ಟ್ರಮ್ಮನನ್ನೇ ಶೆಡ್ಡಿಗೆ ಕರೆದೆವು. ಸಂಜೆ ಬಿಸಿಲಿನ ಹೊತ್ತು. ಪಶ್ಚಿಮದ ಕಿಟಕಿಯಿಂದ ಬಿಸಿಲುಕೋಲು ಬೀಳುತ್ತಲ್ಲ, ನಮ್ಮ ಪ್ರದರ್ಶನದ ಫೋಟೋಗಳಿಗೆಲ್ಲ ನಾವು ಕಾದು ಕೂರ್ತಿದ್ದ ಬೆಳಕು, ಅದು ಸರಿಯಾಗಿ ಕಪಾಟಿನ ಮೇಲೆ ಬಿದ್ದಿತ್ತು. ಆಕೆ ಮೂಗು ಬಾಯಿ ಕಟ್ಟಿಕೊಂಡು, ನಮಗೂ ಕಟ್ಟಿಸಿ, ಒಂದು ಕಪಾಟಿನ ಹಲಗೆಯನ್ನ ಬೆರಳಲ್ಲಿ ತಟ್ಟಿದರು. ಬಿಸಿಲುಕೋಲು ಹಾಲಿನ ಹಾಗೆ ತುಂಬಿಕೊಂಡಿತು. ನಮಗೆ ಅಭ್ಯಾಸದ ನೋಟ, ಚೆಂದ ಅಂತಲೇ ಕಂಡಿತು. ಆಕೆ ಹೇಳಿದರು, "ಇದು ಕಾಣುತ್ತಲ್ಲ, ಇದಕ್ಕೆ ಅಷ್ಟು ಹೆದರಬೇಡಿ. ಇದಕ್ಕಿಂತ ಸಣ್ಣದು ಕಣ್ಣಿಗೇ ಬೀಳೋದಿಲ್ಲ, ನೆಲಕ್ಕೂ ಬೇಗ ಇಳಿಯೋದಿಲ್ಲ. ಎದೆಗೆ ಇಳಿಯೋದು ಅದು."

ಯಾರೂ ಉಸಿರಾಡಲಿಲ್ಲ. ನಿಜವಾಗಲೂ, ಅಕ್ಕಾ. ಎಲ್ಲರೂ ಉಸಿರು ಕಟ್ಟಿ ನಿಂತಿದ್ವಿ, ಆಮೇಲೆ ಒಬ್ಬೊಬ್ಬರೇ ಬಾಗಿಲ ಕಡೆ ಸರಿದೆವು. ಒಣ ಮಣ್ಣನ್ನ ಉಜ್ಜೋದು, ಪೊರಕೆಯಲ್ಲಿ ಗುಡಿಸೋದು, ಮೆರುಗಿಗೆ ಹಾಕೋ ಬಿಳಿಕಲ್ಲಿನ ಪುಡಿಯನ್ನ ಒಣಗಿದ್ದಾಗಲೇ ಕಲಸೋದು, ಅಲ್ಲೇ ಕೂತು ಊಟದ ಡಬ್ಬಿ ಬಿಚ್ಚೋದು, ನಾವು ಒಗ್ಗಟ್ಟು ಅಂತ ಮಾಡ್ತಿದ್ದದ್ದನ್ನೆಲ್ಲ ಆಕೆ ಒಂದೊಂದಾಗಿ ಬೇಡ ಅಂದರು. ಮಣ್ಣು ಹಸಿಯಾಗಿರೋವರೆಗೆ ನಿಮ್ಮ ಸ್ನೇಹಿತ, ಒಣಗಿದ ಮೇಲೆ ಅಲ್ಲ ಅಂದರು.

ಎದೆಯ ಫೋಟೋಕ್ಕೆ ಎಲ್ಲರೂ ಒಟ್ಟಿಗೇ ಹೋದೆವು. ಆಸ್ಪತ್ರೆಯ ಬೆಂಚಿನ ಮೇಲೆ ಸಾಲಾಗಿ ಕೂತಿದ್ದೆವು, ಒಣಗೋಕೆ ಇಟ್ಟ ಕುಡಿಕೆಗಳ ಹಾಗೆ. ಜಗಳವಾಡಿದ ಟೈಲರಮ್ಮ ನನ್ನ ಪಕ್ಕವೇ ಕೂತು ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬೆವೆತಿತ್ತೋ ನನ್ನದೋ ತಿಳಿಯಲಿಲ್ಲ. ಒಳಗಿನಿಂದ ಉಸಿರು ಎಳೀರಿ, ಹಿಡೀರಿ, ಬಿಡಿ ಅನ್ನೋ ಧ್ವನಿ ಬರ್ತಿತ್ತು. ಅದನ್ನ ಕೇಳಿ ಹೊರಗೆ ಕೂತ ನಾವೂ ಎಳೆದೆವು, ಹಿಡಿದೆವು, ಬಿಟ್ಟೆವು.

ಟೈಲರಮ್ಮನಿಗೆ ಏನೂ ಇಲ್ಲ. ಗೊತ್ತಾದ ಕೂಡಲೇ ಅವಳು ಬೆಂಚಿನ ಮೇಲೇ ಕುಸಿದು ಅತ್ತಳು. ಡ್ರಾಯಿಂಗ್ ಟೀಚರಿಗೆ ಎರಡೂ ಕಡೆ ಸಣ್ಣ ಸಣ್ಣ ಚುಕ್ಕೆ. ಈಗಲೇ ನಿಲ್ಲಿಸಿದರೆ ಅಲ್ಲಿಗೇ ನಿಲ್ಲಬಹುದು, ನಿಲ್ಲದೆಯೂ ಇರಬಹುದು, ವರ್ಷಾವರ್ಷ ನೋಡ್ತಿರಬೇಕಂತೆ. ಅವರು ಆ ಫಿಲ್ಮನ್ನ ಬೆಳಕಿಗೆ ಹಿಡಿದು, ಪಾತ್ರೆಯ ಮೆರುಗಿನಲ್ಲಿ ಇಂಥ ಚುಕ್ಕೆ ಬರಿಸೋಕೆ ಎಷ್ಟು ಒದ್ದಾಡಿದ್ದೆ ಅಂದರು. ನಗೋಕೆ ಪ್ರಯತ್ನಪಟ್ಟೆ, ಆಗಲಿಲ್ಲ.

ಆಮೇಲಿನದು ಬೇಗ ಹೇಳ್ತೀನಿ. ಶೆಡ್ಡನ್ನ ತೊಳೆದೆವು. ಸೂರಿನಿಂದ ಹಿಡಿದು ಕಪಾಟಿನ ಸಂದಿಯವರೆಗೆ ಒದ್ದೆ ಬಟ್ಟೆ, ಬಕೆಟ್ಟು, ಮಾಸ್ಕು. ಇಷ್ಟು ವರ್ಷದ ಬಿಳಿ ನೀರು ಹರಿದು ಹೋಗ್ತಾನೇ ಇತ್ತು. ಕಿವಿಗಳು ಅರ್ಧಕ್ಕರ್ಧ ಉಜ್ಜದೆ ಉಳಿದಿದ್ದವು. ಕೈಬಿಟ್ಟುಬಿಡೋಣ ಅಂದೆ, ಇವುಗಳ ಮುಖ ನೋಡೋಕೂ ನನಗೆ ಭಯ ಅಂದೆ. ಟೈಲರಮ್ಮ ಒಪ್ಪಲಿಲ್ಲ. ಊರವರು ನಂಬಿ ಕೊಟ್ಟ ಕಿವಿ, ಕಸಕ್ಕೆ ಹಾಕೋದಾ ಅಂದಳು. ಅಂಚು ತರಿತರಿ ಇದ್ದರೆ ಇರಲಿ ಅಂತ ಹಾಗೇ ಸುಟ್ಟೆವು. ಭಟ್ಟಿ ತೆಗೆದಾಗ ಎಲ್ಲ ಗಟ್ಟಿಯಾಗಿ ಬಂದಿದ್ದವು, ಒಂದೆರಡು ಸೀಳಿದ್ದು ಬಿಟ್ಟರೆ.

ಹೋದ ವಾರ ಗೋಡೆಗೆ ಕೂರಿಸಿದೆವು. ಡ್ರೈವರಣ್ಣ ಮಗಳ ಜೊತೆ ಬಂದು ಬಯಲಲ್ಲಿ, ಗಾಳಿ ಬರೋ ಕಡೆ ಕುರ್ಚಿ ಹಾಕಿಸಿಕೊಂಡು ಕೂತರು. ಮೂಗಿಗೆ ಆಮ್ಲಜನಕದ ಕೊಳವೆ. ಮೇಲಕ್ಕೆ, ಎಡಕ್ಕೆ, ಇನ್ನೂ ಸ್ವಲ್ಪ ಅಂತ ಬಸ್ಸು ಹಿಂದಕ್ಕೆ ತೆಗೆಸೋರ ಹಾಗೆ ಕೈಸನ್ನೆ ಮಾಡಿದರು. ಇನ್ನು ಒಣ ಮಣ್ಣಿನ ಹತ್ತಿರ ಅವರು ಬರೋ ಹಾಗಿಲ್ಲ. ನಾವು ಹಸಿಮಣ್ಣಿನ ಮುದ್ದೆಯನ್ನ ಒದ್ದೆ ಬಟ್ಟೆಯಲ್ಲಿ ಸುತ್ತಿ ಅವರ ಮನೆ ಅಂಗಳಕ್ಕೆ ತಲುಪಿಸ್ತೀವಿ, ಅವರು ಕೈಯಲ್ಲೇ ಹಕ್ಕಿ ಮಾಡಿ ಹಸಿಯಾಗಿರುವಾಗಲೇ ಡಬ್ಬದಲ್ಲಿ ವಾಪಸ್ ಕಳಿಸ್ತಾರೆ. ಒಂದು ಹಕ್ಕಿಗೆ ಒಂದು ವಾರ ಹಿಡಿಯುತ್ತೆ. ಮೊದಲು ದಿನಕ್ಕೆ ಹತ್ತು ಮಾಡ್ತಿದ್ದ ಕೈ.

ನೀನೂ ಒಂದು ಸಲ ಎದೆಯ ಫೋಟೋ ತೆಗೆಸಿಕೋ. ಸುಮ್ಮನೆ, ಇರಲಿ ಅಂತ. ಭಾವನಿಗೆ ಈಗಲೇ ಹೇಳಿ ಗಾಬರಿ ಮಾಡೋದು ಬೇಡ.

ದೊಡ್ಡವಳು ನೀನು, ನಾನು ನಿನಗೆ ಹರಸೋ ಹಾಗಿಲ್ಲ. ಆದರೂ ಈ ಸಲ ಕಿರಿಯಳ ಹಾರೈಕೆ ಹಿರಿಯಳಿಗೆ ತಟ್ಟಲಿ. ನಿನ್ನ ಉಸಿರು ತಣ್ಣಗಿರಲಿ. ಮೊಮ್ಮಗಳಿಗೆ ನನ್ನ ಮುತ್ತು.

ಇಂತಿ ನಿನ್ನ ಕೈಹಿಡಿದೇ ಮಣ್ಣು ಮುಟ್ಟಿದ,
ಪುಟ್ಟಿ

ಮತ್ತೆ: ಲಕೋಟೆ ಅಂಟಿಸಿದವಳು ಬಿಚ್ಚಿ ಬರೀತಿದೀನಿ. ಎಲ್ಲರದ್ದೂ ಹೇಳಿ ನನ್ನದು ಹೇಳಲಿಲ್ಲ. ನನ್ನ ಎದೆಯಲ್ಲಿ ಒಂದು ಚುಕ್ಕೆಯೂ ಇಲ್ಲ. ಡಾಕ್ಟ್ರಮ್ಮನಿಗೇ ಆಶ್ಚರ್ಯ. ಇಷ್ಟು ವರ್ಷ ಅಲ್ಲೇ ಇದ್ದೀರಿ, ಪುಡಿ ಕಲಸ್ತಿದ್ದವರು ಯಾರು ಅಂತ ಕೇಳಿದರು. ನಾನು ಬಸುರಿ ಅಂತ ನನ್ನನ್ನ ಅಂಗಳಕ್ಕೆ ಕಳಿಸಿ, ಮೆರುಗಿನ ಕೋಣೆಯ ಬಾಗಿಲು ಹಾಕಿಕೊಂಡು ಆ ಬಿಳಿಕಲ್ಲಿನ ಪುಡಿ ಜರಡಿ ಹಿಡಿದವಳು ನೀನು. ಮಗು ಹುಟ್ಟಿತು, ಶಾಲೆಗೆ ಹೋಯಿತು, ಆದರೂ ಆ ಕೋಣೆಯೊಳಗೆ ನನ್ನನ್ನ ಬಿಡಲೇ ಇಲ್ಲ. ನಿನಗೆ ಅಳತೆ ತಿಳಿಯೋದಿಲ್ಲ, ಹೋಗೇ ಅಂತಿದ್ದೆ.

ಹೋದ ತಿಂಗಳು ಫೋನಿನಲ್ಲಿ ಮಾತಿನ ನಡುವೆ ಕೆಮ್ಮಿದೆಯಲ್ಲ, ಹವಾ ಬದಲಾಗಿದೆ ಅಂತ ನೀನಂದೆ. ಅದು ಡ್ರೈವರಣ್ಣನ ಕೆಮ್ಮು, ಅಕ್ಕಾ. ಅದೇ ಒಣ ಸದ್ದು. ಹಾಲು ಉಕ್ತಿದೆ ಅಂತ ಹೇಳಿ ನಾನು ಫೋನ್ ಇಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ. ಆಮೇಲೆ ನೀನು ಮಾಡಿದಾಗೆಲ್ಲ ಎತ್ತದೆ ಇದ್ದದ್ದು ಅದಕ್ಕೇ.

ಈ ಕಾಗದದ ಹಿಂದೆಯೇ ನಾನೂ ಹೊರಟು ಬರ್ತೀನಿ. ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋಗೋಣ. ಡಾಕ್ಟರು ಏನೇ ಹೇಳಲಿ, ಈ ಸಲ ನನ್ನನ್ನ ಹೊರಗೆ ಕಳಿಸಿ ಬಾಗಿಲು ಹಾಕಿಕೋಬೇಡ.