ಇಲ್ಲದ ನೆಲದ ಮೇಲಿನ ಹುಲ್ಲು

ಮೊಂಡ,

ಇದನ್ನು ನಿನಗೆ ಕಳಿಸುವುದಿಲ್ಲ. ಹೇಳದಿದ್ದರೆ ಹೊಟ್ಟೆಯಲ್ಲಿ ಉಳಿದುಬಿಡುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಬೇಡ ಅಂದದ್ದನ್ನೇ ನಾನು ಮಾಡಿದೆ. ನಮ್ಮ ವಿಡಿಯೊ ಗೇಮನ್ನು ಇವತ್ತು, ಅದನ್ನು ಓಡಿಸುವ ಹಳೆಯ ಸಾಫ್ಟ್‌ವೇರ್ ಬಿಟ್ಟು, ಹೊಸ ಎಂಜಿನ್‌ಗೆ ಎತ್ತಿ ಹಾಕಿದೆವು. ಮರ, ಬಾಗಿಲು, ಮೋಡ ಎಲ್ಲ ಸರಿಯಾಗಿಯೇ ಬಂದವು. ನಮ್ಮ ನಾಯಕಿ, ಆ ಕೋಲಿನ ಅಜ್ಜಿ, ಪರದೆಗೆ ಬಂದದ್ದೇ ತಡ, ನಾನು ಬಿಡಿಸಿದ ಹುಲ್ಲನ್ನು ದಾಟಿ ಸೀದಾ ಕೆಳಗೆ ಬಿದ್ದುಹೋದಳು.

ನಿನ್ನ ಕುರ್ಚಿಗೆ ಬಂದಿರುವ ಪ್ರೋಗ್ರಾಮರ್ ಹುಡುಗಿ ನಿನ್ನ ಹಳೆಯ ಕೋಡ್ ಓದಿ ನಕ್ಕಳು. "ಅಕ್ಕಾ, ಈ ಆಟದಲ್ಲಿ ನೆಲಾನೇ ಇಲ್ಲ. ಅಜ್ಜಿ ಬೀಳೋಕೆ ಹೋದಾಗೆಲ್ಲ ಇವ್ರು ಒಂದು ಸಾಲು ಕೋಡಲ್ಲಿ ಎತ್ತಿ ಮೇಲಿಡ್ತಿದ್ರು, ಅಷ್ಟೇ."

ಆ ಸಾಲಿನ ಪಕ್ಕ ನಿನ್ನದೇ ಟಿಪ್ಪಣಿ: "ಸದ್ಯಕ್ಕೆ ಹೀಗಿರ್ಲಿ. ನಾಳೆ ಅವಳಿಗೆ ಹೇಳ್ತೀನಿ." ಮೂರು ವರ್ಷ ಹಿಂದಿನ ತಾರೀಖು.

ನೆಲ ನಿನ್ನದು, ಮೇಲಿನದ್ದೆಲ್ಲ ನನ್ನದು ಎಂದು ಮಾತಾಗಿತ್ತಲ್ಲವೇನೋ? ನಾನು ಒಂದೊಂದೇ ಎಸಳು ಹುಲ್ಲು ಬಿಡಿಸುತ್ತಾ ಕೂತಿದ್ದೆ, ನೀನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಎಂಜಿನ್ ಬದಲಿಸೋಣ ಎಂದು ನಾನು ಅಂದಾಗೆಲ್ಲ "ನಡುನೀರಲ್ಲಿ ಯಾರಾದ್ರೂ ದೋಣಿ ಬದಲಾಯಿಸ್ತಾರಾ?" ಎಂದು ಬಾಯಿ ಮುಚ್ಚಿಸಿದೆ. ನಾನು ಪಟ್ಟು ಬಿಡದಿದ್ದಾಗ "ನಿಂಗೆ ನನ್ಮೇಲೆ ನಂಬಿಕೆ ಇಲ್ಲ" ಎಂದು ಚೀಲ ಹೆಗಲಿಗೇರಿಸಿ ಹೊರಟೆ. ನಾನು ಕೂತಲ್ಲಿಂದ ಏಳಲಿಲ್ಲ.

ಹುಡುಗಿ ನಿಜವಾದ ನೆಲ ಹಾಸಿದಳು. ಅಜ್ಜಿ ಕೋಲೂರಿ ಗಟ್ಟಿಯಾಗಿ ನಿಂತಿದ್ದಾಳೆ.

ಎಷ್ಟು ಹೊತ್ತು ಹಿಡಿಯಿತು ಗೊತ್ತೇನೋ? ನಾನು ಟೀ ಕುದಿಸಿ ತರುವಷ್ಟರಲ್ಲಿ ಮುಗಿದುಹೋಗಿತ್ತು.