ತಗ್ಗಿ ಹಾರಬೇಡ

ವಾಲ್ಸೊರ್ದಾ, ಆಗಸ್ಟ್ ೧೯

ನನ್ನ ಮುದ್ದು ನಿವೆಸ್,

ಚೀಸ್, ಒಣಮಾಂಸ, ನಿನ್ನ ದಪ್ಪ ಕಾಲುಚೀಲ ಎಲ್ಲವನ್ನೂ ಎಲ್ವಿಯೋ ಕೈಲಿ ಕಳಿಸುತ್ತಿದ್ದೇನೆ. ಜೊತೆಗೆ ಈ ಪತ್ರ. ನಾಳೆ ಹೆಲಿಕಾಪ್ಟರ್ ಹತ್ತುವ ಮುಂಚೆ ಓದು.

ಬೆಳಿಗ್ಗೆ ಅವನು ಕಾಫಿಗೆ ಬಂದಿದ್ದ. ಪೈಲಟ್ ಆದರೂ ಬಾಯಿ ಮಾತ್ರ ಅವನ ಅಜ್ಜಿಯದೇ. "ಎರ್ಮಿನಿಯಕ್ಕ, ನಿಮ್ಮ ಮಗಳು ಗುರುಗ್ರಹದ ಚಂದ್ರನಿಗೆ ರೇಡಾರ್ ಕಳಿಸ್ತಾಳಂತೆ. ಅದಕ್ಕಿಂತ ಮೊದ್ಲು ನನ್ನನ್ನೇ ಮೇಲಕ್ಕೆ ಕಳಿಸ್ತಾಳೆ ನೋಡಿ!" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿದ. "ನಮ್ಮ ಹಿಮನದಿ ಮೇಲೆ ಆ ರೇಡಾರ್ ಪರೀಕ್ಷೆ ಮಾಡುವಾಗ ಒಂದೇ ಎತ್ತರದಲ್ಲಿ ನೇರ ಹೋಗ್ಬೇಕು, ಇಲ್ದಿದ್ರೆ ಅಳತೆ ಕೆಡುತ್ತೆ ಅಂತ ಬೈಯೋಳೂ ಅವಳೇ. ಆ ದೊಡ್ಡ ಬಿರುಕು ಬಂದ ಕೂಡ್ಲೇ ಇನ್ನೂ ಕೆಳಗೆ, ಇನ್ನೂ ಕೆಳಗೆ ಅನ್ನೋಳೂ ಅವಳೇ. ಅಲ್ಲಿ ಗಾಳಿ ಸರಿಯಿಲ್ಲಕ್ಕ. ಕೆಳಗೆ ಆಂಟೆನಾ ಬೇರೆ ನೇತಾಡ್ತಿರುತ್ತೆ. ನೀವಾದ್ರೂ ಹೇಳಿ."

ಒಲೆಯ ಮೇಲೆ ಕಾಫಿ ಉಕ್ಕಿಹೋಯಿತು.

ಆ ಬಿರುಕು ಯಾವುದೆಂದು ನನಗೆ ಗೊತ್ತು. ನಿನ್ನ ಅಪ್ಪ ಅದರೊಳಗೆ ಬಿದ್ದಾಗ ನಿನಗೆ ಏಳು ವರ್ಷ. ಹೋದ ತಿಂಗಳು ಊಟಕ್ಕೆ ಕೂತಾಗ ಹೇಳಿದ್ದೆಯಲ್ಲ: "ಅಮ್ಮಾ, ನಮ್ಮ ರೇಡಾರಿನ ಅಲೆ ಒಂದೊಂದೂ ಈ ಮನೆಗಿಂತ ಉದ್ದ. ಹಿಮದ ಅಡೀಲಿ ನೀರಿದ್ರೆ ತೋರಿಸುತ್ತೆ. ಮನುಷ್ಯ ಅದಕ್ಕೆ ತುಂಬಾ ಚಿಕ್ಕವನು." ನಾನು ಕೇಳಿರಲಿಲ್ಲ, ನೀನಾಗಿಯೇ ಹೇಳಿದೆ. ರೇಡಾರಿಗೆ ಕಾಣದ್ದನ್ನು ಕಣ್ಣಲ್ಲಿ ಹುಡುಕುತ್ತಿದ್ದೀಯಾ?

ನಾನು ಆರಾಮಾಗಿದ್ದೇನೆ. ನಿನ್ನೆ ಎಂದಿನಂತೆ ಬುಟ್ಟಿ ಹಿಡಿದು ಹಿಮನದಿಯ ತುದಿಗೆ ಹೋಗಿದ್ದೆ. ತಮ್ಮವರನ್ನು ಹಿಮಕ್ಕೆ ಕಳಕೊಂಡ ಹೆಂಗಸರೆಲ್ಲ ಆಗಸ್ಟಿನಲ್ಲಿ ಅಲ್ಲಿಗೆ ಬರುತ್ತಾರೆ, ಕರಗಿದ ಹಿಮ ಏನು ತಂದು ಹಾಕಿದೆಯೆಂದು ನೋಡಲು. ಯಾರಾದರೂ ಕೇಳಿದರೆ ಹಣ್ಣು ಕೀಳಲು ಬಂದೆವು ಎನ್ನುತ್ತೇವೆ. ನಿನ್ನೆ ಬೇಗ ಮನೆಗೆ ಬಂದುಬಿಟ್ಟೆ.

ಮಗಳೇ, ನಾಳೆ ನೇರವಾಗಿ ಹಾರು. ಆ ದೂರದ ಚಂದ್ರನ ಹಿಮದ ಕೆಳಗೆ ಏನಿದೆಯೋ ಅದು ನಿನ್ನ ಕೆಲಸ. ಈ ಹಿಮದಲ್ಲಿರುವುದನ್ನು ನನಗೆ ಬಿಡು. ಹೆಲಿಕಾಪ್ಟರಿನ ಸದ್ದು ನಿಲ್ಲುವವರೆಗೂ ನಾನು ಅಂಗಳದಲ್ಲೇ ನಿಂತಿರುತ್ತೇನೆ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ಎರ್ಮಿನಿಯಾ

ಇನ್ನೊಂದು ಮಾತು: ನೀನು ಇಳಿದು ಬಂದ ಮೇಲೆ ಹೇಳೋಣವೆಂದಿದ್ದೆ. ಎಲ್ವಿಯೋ ಮಾತು ಕೇಳಿದ ಮೇಲೆ ಸುಮ್ಮನಿರಲಾಗುತ್ತಿಲ್ಲ. ನಿನ್ನೆ ಬುಟ್ಟಿಯಲ್ಲಿ ಬಂದದ್ದು ಹಣ್ಣಲ್ಲ, ಎಡಗಾಲಿನ ಬೂಟು. ಲೇಸ್ ತುಂಡಾಗಿದ್ದಾಗ ನೀನು ಕಟ್ಟಿಕೊಟ್ಟಿದ್ದ ಕೆಂಪು ಉಣ್ಣೆ ದಾರ ಹಾಗೇ ಇದೆ. ಒಲೆಯ ಪಕ್ಕ ಒಣಗಲು ಇಟ್ಟಿದ್ದೇನೆ. ಅಪ್ಪ ಈಗ ಬಿರುಕಿನಲ್ಲಿ ಇಲ್ಲ, ನಿವೆಸ್. ಅವರಾಗಿಯೇ ಕೆಳಗಿಳಿದು ಬಂದಿದ್ದಾರೆ.